ಕೈಯಿಲ್ಲದ 13 ಕುರ್ಚಿ, ಒಂದು ಎತ್ತರದ ಸ್ಟೂಲ್

ಹೋದ ಸೀಸನ್ನಿನಲ್ಲಿ ಮಂಡ್ಯದ ಒಂದು ಹಾಲ್‌ಗೆ ಮಧ್ಯಾಹ್ನ ಮೂರಕ್ಕೆ ಹೋಗಿ ಇಳಿದೆವು. ಅಷ್ಟರಲ್ಲಿ ಸೌಂಡ್ ಸಿಸ್ಟಮ್‌ನವರು ಸ್ಟೇಜ್ ತುಂಬ ಮೈಕ್ ನಿಲ್ಲಿಸಿದ್ದರು. ಪಾಪ, ಬೆಳಗ್ಗೆಯಿಂದ ವೈರ್ ಎಳೆದಿದ್ದಾರೆ. "ಅಣ್ಣ, ಮೈಕ್ ಬೇಡ" ಅಂದೆ. ಅವರು ನನ್ನ ಮುಖ ನೋಡಿದರು. "ಮೈಕಿಲ್ದೆ ಹಿಂದ್ಗಡೆ ಕೂತಿರೋರ್ಗೆ ಏನ್ ಕೇಳುಸ್ತದೆ ಮೇಡಂ?"

ನ್ಯಾಯವಾದ ಪ್ರಶ್ನೆ. ಅವರನ್ನು ಕಡೇ ಸಾಲಿನಲ್ಲಿ ಕೂರಿಸಿದೆ. ನಮ್ಮ ಲೀಡರ್ ಸ್ಟೇಜ್ ಮೇಲೆ ಒಬ್ಬರೇ ನಿಂತು, ವಯೋಲಿನ್ನಿನ ಒಂದೇ ಒಂದು ತಂತಿಯ ಮೇಲೆ, ಆದಷ್ಟು ಮೆತ್ತಗೆ ಕಮಾನು ಎಳೆದರು. ಸೌಂಡಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ಬಂದು ಹೇಳಿದ್ದು ಇಷ್ಟೇ: "ಫ್ಯಾನ್ ಸದ್ದು ಅಡ್ಡ ಬತ್ತಾದೆ, ಆರುಸ್ಲಾ?"

ನಾನು ವಯೋಲಾ ನುಡಿಸುತ್ತೇನೆ. ವಯೋಲಿನ್‌ಗಿಂತ ಸ್ವಲ್ಪ ದೊಡ್ಡದು, ಶ್ರುತಿ ಕೆಳಗೆ. ನಮ್ಮದು ಚೇಂಬರ್ ಆರ್ಕೆಸ್ಟ್ರಾ, ಅಂದರೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ಸಣ್ಣ ಗುಂಪು. ನುಡಿಸುವುದರ ಜೊತೆಗೆ ಅದರ ಪ್ರವಾಸದ ಕೆಲಸವೂ ನನ್ನದೇ. ಈ ಸಲದ ಸೀಸನ್ ದಸರಾ ಮುಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿವರೆಗೆ. ಮೈಸೂರು, ಮಂಡ್ಯ, ಹಾಸನ, ಮಡಿಕೇರಿ, ಬೆಂಗಳೂರು. ನುಡಿಸುವ ರಚನೆಗಳ ಪಟ್ಟಿ ಒಂದೊಂದು ಊರಲ್ಲಿ ಒಂದೊಂದು ಥರ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ನಾವು ಮೊದಲು ಹಾಲ್ ನೋಡುತ್ತೇವೆ, ಆಮೇಲೆ ಏನು ನುಡಿಸುವುದು ಅಂತ ಯೋಚಿಸುತ್ತೇವೆ. ಉಳಿದದ್ದೆಲ್ಲ ಅಲ್ಲಿಂದಲೇ ಶುರು.

ಮೈಕ್ ಯಾಕೆ ಬೇಡ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಾವು 14 ಜನ. ಮೊದಲ ವಯೋಲಿನ್ ನಾಲ್ಕು, ಎರಡನೇ ವಯೋಲಿನ್ ನಾಲ್ಕು, ವಯೋಲಾ ಮೂರು, ಚೆಲೋ ಎರಡು, ಡಬಲ್ ಬೇಸ್ ಒಂದು. ಈ ಕೊನೆಯ ಎರಡು, ನೆಲಕ್ಕೆ ಊರಿ ನುಡಿಸುವ, ತಗ್ಗು ದನಿಯ ದೊಡ್ಡ ವಾದ್ಯಗಳು. ಮುಂದೆ ಕೋಲು ಹಿಡಿದು ನಿಂತು ನಡೆಸುವ ಕಂಡಕ್ಟರ್ ಯಾರೂ ಇಲ್ಲ. ಯಾವ ಸ್ವರ ಮೇಲೆ ಬರಬೇಕು, ಯಾವುದು ಅಡಿಯಲ್ಲಿ ಇರಬೇಕು ಅನ್ನುವ ಅಳತೆ ಪೂರ್ತಿ ನಮ್ಮ ಬಲಗೈಯಲ್ಲಿ, ಅಂದರೆ ಕಮಾನಿನಲ್ಲಿ ಇರುತ್ತದೆ. ಚೆಲೋದವರಿಗೆ ಮುಖ್ಯ ಧಾಟಿ ಬಂತು ಅಂದರೆ ನಾವು ಮೂರೂ ವಯೋಲಾದವರು ಕಮಾನಿನ ಒತ್ತಡ ಇಳಿಸುತ್ತೇವೆ. ತಿಂಗಳುಗಟ್ಟಲೆ ಅಭ್ಯಾಸ ಮಾಡುವುದು ಇದನ್ನೇ. ಮೈಕ್ ಇಟ್ಟ ತಕ್ಷಣ ಆ ಅಳತೆ ಹಿಂದೆ ಮಿಕ್ಸರ್ ಮುಂದೆ ಕೂತವರ ಕೈಗೆ ಹೋಗುತ್ತದೆ. ಅವರು ಈ ಸಂಗೀತವನ್ನು ಒಂದು ಸಲವೂ ಕೇಳಿರುವುದಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ. 14 ಜಾಗಗಳಿಂದ ಬರಬೇಕಾದ ನಾದ ಎರಡು ಡಬ್ಬಿಗಳಿಂದ ಬರುತ್ತದೆ ಅಷ್ಟೆ.

ಮೈಸೂರಿನ 8ನೇ ಕ್ರಾಸ್ ಗಣಪತಿ ಪೆಂಡಾಲ್‌ನಲ್ಲಿ ರಸ್ತೆ ತುಂಬ ಜನ ಕೂತಾಗ ಮೈಕ್ ಬೇಕೇ ಬೇಕು, ಅದು ಬೇರೆ ಮಾತು. ಆದರೆ ನಮ್ಮ ಸೀಮೆಯಲ್ಲೇ, ತಿರುಮಕೂಡಲು ನರಸೀಪುರದ ಕಡೆಯಿಂದ ಬಂದ ಟಿ. ಚೌಡಯ್ಯನವರು ವಯೋಲಿನ್‌ಗೆ ಏಳು ತಂತಿ ಕಟ್ಟಿದ್ದು ಯಾಕೆ? ಮೈಕ್ ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆವರೆಗೂ ನಾದ ಮುಟ್ಟಲಿ ಅಂತ. ವಾದ್ಯದೊಳಗಿಂದಲೇ ಸದ್ದು ಹುಟ್ಟಿಸುವ ಆ ಹಠ ನನಗೆ ತುಂಬಾ ಇಷ್ಟ.

ಹಾಲ್ ನೋಡುವುದು ಅಂದೆನಲ್ಲ, ಅದು ಹೀಗೆ. ಸ್ಟೇಜ್ ಮಧ್ಯೆ ನಿಂತು ಒಂದು ಸಲ ಚಪ್ಪಾಳೆ ತಟ್ಟುತ್ತೇನೆ. ಆ ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಅಂತ ಕೇಳುತ್ತೇನೆ. ನಮ್ಮಂಥ ಗುಂಪಿಗೆ ಸುಮಾರು 1.5 ಸೆಕೆಂಡ್ ಉಳಿದರೆ ಚೆನ್ನ. ಮಂಡ್ಯದ ಆ ಹಾಲ್‌ನಲ್ಲಿ ದಪ್ಪ ಪರದೆ, ಕುಶನ್ ಸೀಟು, ನೆಲಕ್ಕೆ ಕಾರ್ಪೆಟ್. ಕಮಾನು ನಿಂತರೆ ನಾದವೂ ನಿಲ್ಲುತ್ತದೆ. ಅಂಥ ಕಡೆ ನಿಧಾನದ ರಚನೆ ನುಡಿಸಿದರೆ ಸೊರಗಿ ಹೋಗುತ್ತದೆ. ಚುರುಕಾದದ್ದು ಬೇಕು. ಆಸ್ಟ್ರಿಯಾದ ಸಂಗೀತಗಾರ ಮೊತ್ಸಾರ್ಟ್ 1772ರಲ್ಲಿ, ಇನ್ನೂ 16 ವರ್ಷದ ಹುಡುಗನಾಗಿದ್ದಾಗ ಬರೆದ ಡಿ ಮೇಜರ್ ಡಿವರ್ಟಿಮೆಂಟೋ ಅನ್ನುವ ಹಗುರ ರಚನೆ ಅಲ್ಲಿ ಮಿಂಚುತ್ತದೆ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಅದನ್ನೇ ಮಡಿಕೇರಿಯ ಹಳೇ ಕಲ್ಲಿನ ಕಟ್ಟಡದಲ್ಲಿ ನುಡಿಸಿದರೆ ಒಂದು ಸ್ವರದ ಬಾಲ ಇನ್ನೊಂದರ ಮೇಲೆ ಬಿದ್ದು ಎಲ್ಲ ಕಲಸಿಹೋಗುತ್ತದೆ. ಅಲ್ಲಿಗೆ ಚೆಕ್ ಸಂಗೀತಗಾರ ದ್ವೊರ್ಜಾಕ್ 1875ರ ಮೇ ತಿಂಗಳಲ್ಲಿ ಎರಡು ವಾರದೊಳಗೆ ಬರೆದು ಮುಗಿಸಿದ ಸೆರೆನೇಡ್. ಅದರ ನಾಲ್ಕನೇ ಭಾಗ ನಿಧಾನ. ಕಲ್ಲಿನ ಗೋಡೆಗಳು ಅದನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುತ್ತವೆ.

ಮೈಸೂರಿನಲ್ಲಿ ನಮಗೆ ಸಿಕ್ಕಿರುವುದು ಒಂದು ಹಳೇ ಶಾಲೆಯ ಹಾಲ್, ಮರದ ನೆಲ. ಚೆಲೋದ ಅಡಿಯಲ್ಲಿ ಒಂದು ಕಬ್ಬಿಣದ ಮೊನೆ ಇರುತ್ತದೆ, ನೆಲಕ್ಕೆ ಊರುವುದಕ್ಕೆ. ಮರದ ನೆಲವಾದರೆ ಆ ಮೊನೆಯಿಂದ ಕಂಪನ ನೆಲಕ್ಕೆ ಇಳಿದು ನೆಲವೂ ದನಿ ಕೊಡುತ್ತದೆ. ಮುಂದಿನ ಸಾಲಿನಲ್ಲಿ ಕೂತರೆ ಅಂಗಾಲಿಗೆ ಗೊತ್ತಾಗುತ್ತದೆ. ಚಪ್ಪಲಿ ಬಿಟ್ಟು ನೋಡಿ.

ಇನ್ನು ಕುರ್ಚಿ. ಪ್ರತಿ ಹಾಲ್‌ಗೂ ನಾನು ಕಳಿಸುವ ಪತ್ರದ ಮೊದಲ ಸಾಲು: ಕೈಯಿಲ್ಲದ 13 ಕುರ್ಚಿ, ಒಂದು ಎತ್ತರದ ಸ್ಟೂಲ್. ಸ್ಟೂಲ್ ಡಬಲ್ ಬೇಸ್‌ನವರಿಗೆ. ಪ್ರೀತಿಯಿಂದ ಸೋಫಾ ಹಾಕಿಸಿದವರಿದ್ದಾರೆ, ಮದುವೆಮನೆಯ ಕೈಕುರ್ಚಿ ತರಿಸಿದವರಿದ್ದಾರೆ. ಆದರೆ ಕುರ್ಚಿಗೆ ಕೈ ಇದ್ದರೆ ಕಮಾನು ಕೆಳಗೆ ಇಳಿದಾಗ ಮೊಣಕೈ ಹೋಗಿ ಬಡಿಯುತ್ತದೆ. ಒಂದೂವರೆ ಗಂಟೆ ಹಾಗೆ ನುಡಿಸಲು ಆಗುವುದಿಲ್ಲ.

ಪ್ರವಾಸ ಮಳೆಗಾಲದಲ್ಲಿ ಬೇಡ ಅನ್ನುವುದಕ್ಕೂ ಕಾರಣ ಇದೆ. ಈ ವಾದ್ಯಗಳ ಮುಂದಿನ ಹಲಗೆ ಸ್ಪ್ರೂಸ್ ಮರ, ಹಿಂದಿನದು ಮೇಪಲ್. ಎರಡನ್ನೂ ಅಂಟಿಸುವುದು ಪ್ರಾಣಿಯ ಚರ್ಮದಿಂದ ಮಾಡಿದ ಅಂಟಿನಿಂದ. ತೇವ ಏರಿಳಿದು ಮರ ಹಿಗ್ಗಿ ಕುಗ್ಗಿದಾಗ ಮರ ಸೀಳುವುದಕ್ಕೆ ಮೊದಲು ಅಂಟು ಬಿಡಲಿ ಅಂತಲೇ ಈ ಅಂಟು. ಒಳ್ಳೇ ಏರ್ಪಾಡು, ಆದರೆ ಅಂಟು ಬಿಡುವುದು ಯಾವಾಗ ಅಂತ ಹೇಳಲಾಗುವುದಿಲ್ಲ. ಎರಡು ವರ್ಷದ ಹಿಂದೆ ಮಡಿಕೇರಿಯ ತೇವದಿಂದ ಬೆಂಗಳೂರಿನ ಎಸಿ ಹಾಲ್‌ಗೆ ಹೋದೆವು. ರಿಹರ್ಸಲ್ ನಡುವೆ ಒಂದು ಚೆಲೋ ಜೀರುಂಡೆ ಹೊಕ್ಕ ಹಾಗೆ ಗುಯ್ ಅನ್ನಲು ಶುರುವಾಯಿತು. ನೋಡಿದರೆ ಬೆನ್ನಿನ ಅಂಚಿನಲ್ಲಿ ಬೆರಳುದ್ದ ಅಂಟು ಬಿಟ್ಟಿದೆ, ಒಂದು ಕಾಗದದ ಚೂರು ಒಳಗೆ ತೂರಿಸಬಹುದಾದಷ್ಟು. ಉಳಿದವರ ಬಿರಡೆಗಳೂ ಒಣಗಿ ಜಾರುತ್ತಿದ್ದವು, ಶ್ರುತಿ ನಿಲ್ಲುತ್ತಲೇ ಇರಲಿಲ್ಲ. ಅವತ್ತು ಒಂದೇ ಚೆಲೋದಲ್ಲಿ ಕಚೇರಿ ಮುಗಿಸಿದೆವು. ಈ ಸಲ ಎಸಿ ಹಾಲ್ ಇದ್ದ ಕಡೆ ಹಿಂದಿನ ದಿನವೇ ವಾದ್ಯ ತೆಗೆದುಕೊಂಡು ಹೋಗಿ ಅಲ್ಲೇ ಇಡುತ್ತೇವೆ. ಚೆಲೋಗಳಿಗೆ ರೈಲಿನಲ್ಲಿ ಒಂದೊಂದು ಸೀಟು ಬೇರೆ ಬುಕ್ ಮಾಡುತ್ತೇನೆ, ಲಗೇಜ್ ಜೊತೆ ಹಾಕುವ ಮಾತೇ ಇಲ್ಲ.

"ನಮ್ಮೂರಲ್ಲಿ ಇದನ್ನೆಲ್ಲ ಯಾರು ಕೇಳುತ್ತಾರೆ" ಅನ್ನುವ ಮಾತು ಕೇಳಿದಾಗ ನನಗೆ ಬೇಜಾರಾಗುತ್ತದೆ. ಮೈಸೂರಿನಲ್ಲಾ? ಅರಮನೆಯಲ್ಲಿ ಕರ್ನಾಟಕ ಬ್ಯಾಂಡ್ ಜೊತೆಗೆ ಇಂಗ್ಲಿಷ್ ಬ್ಯಾಂಡೂ ಇತ್ತು. ಜಯಚಾಮರಾಜ ಒಡೆಯರ್ 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯಾದ ಸಂಗೀತಗಾರ ಮೆಟ್ನರ್ ಮುಪ್ಪಿನಲ್ಲಿ ಕಷ್ಟದಲ್ಲಿದ್ದಾಗ ಆತನ ಸಂಗೀತವನ್ನು ರೆಕಾರ್ಡ್ ಮಾಡಿಸಿದ್ದು ಇವರ ಹಣ. ಆತ ಪಿಯಾನೋ ಮತ್ತು ಆರ್ಕೆಸ್ಟ್ರಾಗೆ ಬರೆದ ತನ್ನ ಮೂರನೇ ಕನ್ಚೆರ್ಟೋವನ್ನು ಇವರಿಗೆ ಅರ್ಪಿಸಿದ. ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು, ಆತ ತೀರಿಕೊಂಡ ಮರುವರ್ಷ, 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಸಲ ಹಾಡಿಸಲ್ಪಟ್ಟವು. ಆ ಕಚೇರಿಯ ಖರ್ಚಿಗೆ ಭರವಸೆ ನಿಂತವರೂ ಮೈಸೂರಿನ ಮಹಾರಾಜರೇ. ಇದು ನಮ್ಮ ಮನೆಯ ಮಾತು, ಅಲ್ವಾ?

ಚಪ್ಪಾಳೆ ಬಗ್ಗೆಯೂ ಹೇಳುತ್ತೇನೆ, ಜಾಸ್ತಿ ಜನ ಹೆದರುವುದು ಇದಕ್ಕೇ. ಒಂದು ರಚನೆಯಲ್ಲಿ ಮೂರು ನಾಲ್ಕು ಭಾಗ ಇರುತ್ತವೆ, ಮಧ್ಯೆ ತಟ್ಟಬಾರದು ಅನ್ನುವುದು ಈಚೆಗೆ ಬಂದ ಪದ್ಧತಿ. 1778ರಲ್ಲಿ ಪ್ಯಾರಿಸ್‌ನಿಂದ ಅಪ್ಪನಿಗೆ ಬರೆದ ಕಾಗದದಲ್ಲಿ ಮೊತ್ಸಾರ್ಟ್, ತನ್ನ ಸಿಂಫನಿ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ತಟ್ಟಿದರು ಅಂತ ಖುಷಿಯಿಂದ ಹೇಳಿಕೊಂಡಿದ್ದಾನೆ. ತನಿ ಆವರ್ತನಕ್ಕೆ ಕೈ ತಟ್ಟಿ ರೂಢಿಯಾದವರು ನಾವು. ಮನಸ್ಸಿಗೆ ಬಂದರೆ ತಟ್ಟಿ. ನಿಧಾನದ ಭಾಗ ಮುಗಿದಾಗ ಮಾತ್ರ ಒಂದು ಉಸಿರು ತಡೆಯಿರಿ, ನಾದ ಪೂರ್ತಿ ಆರುವವರೆಗೆ.

ಪಟ್ಟಿಯಲ್ಲಿ ಇನ್ನೆರಡು ಇವೆ. ಒಂದು ಇಂಗ್ಲೆಂಡಿನ ಸಂಗೀತಗಾರ ಹೋಲ್ಸ್ಟ್‌ನ ಸೇಂಟ್ ಪಾಲ್ಸ್ ಸ್ವೀಟ್. ಸ್ವೀಟ್ ಅಂದರೆ ಸಣ್ಣ ಸಣ್ಣ ಭಾಗಗಳ ಮಾಲೆ. ಆತ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನು ಇಂಗ್ಲಿಷಿಗೆ ತಂದು ಸ್ವರ ಹಾಕಿದವನು. ಈ ರಚನೆಯನ್ನು ಬರೆದಿದ್ದು ತಾನು ಪಾಠ ಮಾಡುತ್ತಿದ್ದ ಹೆಣ್ಣುಮಕ್ಕಳ ಶಾಲೆಯ ಆರ್ಕೆಸ್ಟ್ರಾಗೆ. ಅದಕ್ಕೇ ಶಾಲೆ ಮಕ್ಕಳಿಗೆ ನುಡಿಸುವ ಕಡೆಯೆಲ್ಲ ಇದು ಇದ್ದೇ ಇರುತ್ತದೆ.

ಇನ್ನೊಂದು, 1725ರಲ್ಲಿ ಅಚ್ಚಾದ, ಇಟಲಿಯ ವಿವಾಲ್ದಿಯ ನಾಲ್ಕು ಋತುಗಳಲ್ಲಿ ಮೊದಲನೆಯದು, ವಸಂತ. ಎಲ್ಲ ಊರಲ್ಲೂ ನುಡಿಸುತ್ತೇವೆ. ಅದರ ನಡುವಿನ ಭಾಗದಲ್ಲಿ ಒಬ್ಬ ಮೇಕೆ ಕಾಯುವವನು ಹುಲ್ಲಿನ ಮೇಲೆ ಮಲಗಿದ್ದಾನೆ, ಅವನು ಒಂಟಿ ವಯೋಲಿನ್. ಎಲೆಗಳ ಸರಸರ ಉಳಿದ ವಯೋಲಿನ್‌ಗಳು. ಚೆಲೋ, ಬೇಸ್ ಎರಡೂ ಸುಮ್ಮನಿರುತ್ತವೆ. ಪಕ್ಕದಲ್ಲಿ ಬೊಗಳುತ್ತಿರುವ ಅವನ ನಾಯಿ ನಾವು, ವಯೋಲಾದವರು. ಎರಡೇ ಸ್ವರ, ಮತ್ತೆ ಮತ್ತೆ, ಭಾಗ ಮುಗಿಯುವವರೆಗೂ. ಜೋರಾಗಿ, ಹರಿದ ಹಾಗೆ ನುಡಿಸಿ ಅಂತ ವಿವಾಲ್ದಿಯೇ ಬರೆದಿಟ್ಟಿದ್ದಾನೆ. ಮೈಕ್ ಇದ್ದಿದ್ದರೆ ಮಿಕ್ಸರ್‌ನವರು ಇದೇನೋ ತಪ್ಪು ಸದ್ದು ಅಂತ ಮೊದಲು ಇಳಿಸುತ್ತಿದ್ದದ್ದು ಇದನ್ನೇ. ಮಂಡ್ಯದಲ್ಲಿ ಹೋದ ಸಲ ಎರಡನೇ ಸಾಲಿನಲ್ಲಿ ಅಜ್ಜಿಯ ತೊಡೆ ಮೇಲೆ ಕೂತಿದ್ದ ಒಂದು ಹುಡುಗಿಗೆ ಯಾರೂ ಏನೂ ಹೇಳಿರಲಿಲ್ಲ. ನಾಲ್ಕನೇ ಸಲ ನಾವು ಆ ಎರಡು ಸ್ವರ ಎಳೆದಾಗ ಅವಳು ನಮ್ಮ ಕಡೆ ಬೆರಳು ತೋರಿಸಿ, "ಅಜ್ಜಿ, ನಾಯಿ" ಅಂದಳು. ಹಾಲ್‌ನ ಕೊನೆವರೆಗೂ ಕೇಳಿಸಿತು.