ಪುಲ್ ಕೋಟ್ ಅಂದ್ರ ಏನು? ಸಿನಿಮಾ ರಿವ್ಯೂ ಪೇಜ್ ನೋಡೋ ಬಗಿ

ಸೂಪರ್ ಮಾರ್ಕೆಟ್ ಕಡಿ ಪೇಪರ್ ಅಂಗಡ್ಯಾಗ ನಿಂತು ಯಾವ್ದರೆ ಸಿನಿಮಾ ಮ್ಯಾಗಜಿನ್ ತೆಗೀರಿ, ರಿವ್ಯೂ ನಡುವ ಒಂದೇ ಒಂದು ಸಾಲು ದಪ್ಪ ಅಕ್ಷರದಾಗ ಕಾಲಂ ಸರಿಸ್ಕೊಂಡು ಕುಂತಿರ್ತದಲ್ಲ, ಅದೇ ಪುಲ್ ಕೋಟ್. ಹೊಸದಾಗಿ ಬರೆಯೋದಲ್ಲ ಅದು, ರಿವ್ಯೂ ಒಳಗಿಂದೇ ಒಂದು ಸಾಲು ಎತ್ತಿ ದೊಡ್ಡದು ಮಾಡಿ ಇಡೋದು. ಸಣ್ಣಕ್ಷರ ನೋಡಿ ಬ್ಯಾಸರಾಗಿ ಪುಟ ತಿರುವೋ ಕೈ ಒಂದು ಗಳಿಗಿ ನಿಲ್ಲಲಿ ಅಂತ.

ನಮ್ಮ ಕಲಬುರಗಿ ಹುಡುಗೂರು ಪತ್ರಿಕೋದ್ಯಮ ಓದ್ತಾರ, ರಿವ್ಯೂ ಪೇಜ್ ಅನಾಲಿಸಿಸ್ ಮಾಡ್ರಿ ಅಂದ್ರ ಹೆಡ್ಡಿಂಗ್ ಅದ, ಸ್ಟಿಲ್ ಫೋಟೋ ಅದ, ಬೈಲೈನ್ (ಬರ್ದಾಂವನ ಹೆಸರು) ಅದ, ಡ್ರಾಪ್ ಕ್ಯಾಪ್ (ಶುರುವಿನ ದೊಡ್ಡ ಅಕ್ಷರ) ಅದ, ಸ್ಟಾರ್ ಅವ ಅಂತ ಪಟ್ಟಿ ಕೊಟ್ಟು ಕೈ ತೊಳ್ಕೋತಾರ. ಖರೆ ಕೇಳಬೇಕಾದ್ದು ಇದನ್ನ ಇಲ್ಲಿ ಇಟ್ಟಾಂವ ಯಾರು ಅಂತ. ಬರ್ದಾಂವ ಒಬ್ಬ, ಹೆಡ್ಡಿಂಗ್ ಕೊಟ್ಟು ಫೋಟೋ ಆರಿಸಿ ಸಾಲು ಎತ್ತಾಂವ ಭಾಳ ಸಲ ಡೆಸ್ಕಿನಾಗ, ಅಂದ್ರ ಪೇಜ್ ತಿದ್ದಿ ಜೋಡಿಸೋ ವಿಭಾಗದಾಗ, ಕುಂತ ಇನ್ನೊಬ್ಬ. ಇಬ್ಬರ ಮಾತು ಒಂದೇ ಇರಬೇಕಂತೇನಿಲ್ಲ.

ಸ್ಟಾರ್ ವಿಷಯ ಹಳೇದು, 1928ರಾಗೇ ನ್ಯೂಯಾರ್ಕ್ ಡೈಲಿ ನ್ಯೂಸ್‌ನಾಗ ಐರೀನ್ ಥೈರರ್ ಮೂರಕ್ಕ ಇಷ್ಟು ಅಂತ ಸ್ಟಾರ್ ಕೊಟ್ಟಿದ್ರು. ಬ್ರಿಟನ್ನಿನ ಎಂಪೈರ್ ಮ್ಯಾಗಜಿನ್ ಐದು ಸ್ಟಾರ್ ಇಟ್ಟು ಕೊನಿಗೆ ಒಂದೆರಡು ಸಾಲಿನ ತೀರ್ಪು ಹಾಕ್ತದ. ಲಿಟಲ್ ವೈಟ್ ಲೈಸ್ ಅಂತ ಒಂದದ, ಅದು ನೋಡೋಕಿಂತ ಮೊದಲಿನ ನಿರೀಕ್ಷೆಗೆ, ನೋಡುವಾಗಿನ ಖುಷಿಗೆ, ಆಮ್ಯಾಲ ನೆನೆಸಿದಾಗ ಏನನಿಸ್ತು ಅನ್ನೋದಕ್ಕ, ಹಿಂಗ ಮೂರು ಬ್ಯಾರೆ ಬ್ಯಾರೆ ಮಾರ್ಕ್ಸ್ ಕೊಡ್ತದ. ನನಗ ಇದು ಭಾಳ ಸೇರ್ತದ, ಸಿನಿಮಾ ನೋಡೋದು ಹಂಗೇ ಅಲ್ಲ? ನಮ್ಮ ಕನ್ನಡ ಪೇಪರಿನಾಗ ಭಾಳ ಸಲ ನಿರ್ದೇಶನ, ತಾರಾಗಣ ಅಂತ ಒಂದು ಡಬ್ಬಿ ಇರ್ತದ.

ಮತ್ತ ಪುಲ್ ಕೋಟಿಗೆ ಬರ್ರಿ. ರಿವ್ಯೂದಾಗ ಹಿಂಗದ ಅನ್ಕೋರಿ: "ಕ್ಯಾಮೆರಾ ಕಣ್ಣಿಗೆ ಹಬ್ಬ. ಆದರೆ ಕಥೆ ಎಲ್ಲಿಗೆ ಹೋಯಿತು ಎಂದು ನಿರ್ದೇಶಕರಿಗೇ ಗೊತ್ತಿಲ್ಲ." ಡೆಸ್ಕಿನಾಂವ "ಕ್ಯಾಮೆರಾ ಕಣ್ಣಿಗೆ ಹಬ್ಬ" ಇಷ್ಟೇ ಎತ್ತಿ, ಬಾಜೂಕ ಹೀರೋ ನಗೋ ಫೋಟೋ ಇಟ್ಟ ಅಂದ್ರ ಮುಗೀತು, ಒಂದು ಅಕ್ಷರ ಸುಳ್ಳಿಲ್ಲ, ಆದ್ರ ಸಿನಿಮಾ ಪಾಸಾಗಿ ಹೋಯ್ತು! ಅದೇ ಬರ್ದಾಂವ "ಕ್ಯಾಮೆರಾ ಕಣ್ಣಿಗೆ ಹಬ್ಬವಾಗಿದ್ದರೂ ಕಥೆ ದಾರಿ ತಪ್ಪಿದೆ" ಅಂತ ಬರ್ದಿದ್ರ? "ಹಬ್ಬವಾಗಿದ್ದರೂ" ಅನ್ನೋತನ ಕತ್ತರಿಸಿದ್ರ ಸಾಲು ಜೋತು ಬೀಳ್ತದ, ಹಬ್ಬ ಬೇಕಂದ್ರ ಬೈಗುಳನೂ ಕೂಡೇ ಎತ್ತಬೇಕಾಗ್ತದ. ಪಳಗಿದ ಕೈ ಇದ್ರ ಬೈಯೋದು ಹೊಗಳೋದು ಒಂದೇ ವಾಕ್ಯದಾಗ ಹೆಣೀಬಹುದು, ಅಂಥ ಸಾಲಿಗೆ ಕತ್ತರಿ ಅಷ್ಟು ಸುಲಭ ಬೀಳಂಗಿಲ್ಲ.

ಅದಕ್ಕ ಪೇಜ್ ಕೈಗೆ ಬಂದ್ರ ಮೊದಲ ದಪ್ಪ ಸಾಲು ಓದ್ರಿ, ಆಮ್ಯಾಲ ಅದು ಒಳಗ ಎಲ್ಲಿ ಅದ ಅಂತ ಹುಡುಕಿ ಪೆನ್ಸಿಲಿನಿಂದ ಗೆರಿ ಎಳೀರಿ, ಅದರ ಮುಂದಿನ ಸಾಲು "ಆದರೆ" ಅಂತ ಶುರು ಆಗ್ತದೋ ಇಲ್ಲೋ ನೋಡ್ರಿ.