ಸಾವಿ ಊರಲ್ಲೇ ಉಳಿಯಬೇಕಾದರೆ

ಸಿರಿಧಾನ್ಯದ ಕೆಲಸಕ್ಕೆ ಡಿಸೈನರ್ ಬೇಕು ಅಂತ ಕರೆಯುವವರು ಜಾಸ್ತಿ ಕೇಳುವುದು ಚೆಂದದ ಪ್ಯಾಕೆಟ್, ಒಂದು ಲೋಗೊ. ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಈ ಊರಿನವರು ಬೆಳೆದ ಸಾಮೆಯನ್ನು ಅವರೇ ಉಣ್ಣುತ್ತಾರಾ?

ಧಾರವಾಡದ ಕಡೆ ಅದನ್ನು ಸಾವಿ ಅನ್ನುತ್ತಾರೆ. ಬೆಳೆಯಲು ಅಂಥ ಕಷ್ಟವೇನಿಲ್ಲ, ತೊಂದರೆ ಇರುವುದು ಸಿಪ್ಪೆಯಲ್ಲಿ. ರಾಗಿ, ಜೋಳವನ್ನು ಸೀದಾ ಗಿರಣಿಗೆ ಒಯ್ದು ಹಿಟ್ಟು ಮಾಡಿಸಬಹುದು. ಸಾವಿ, ನವಣೆ, ಹಾರಕಗಳಿಗೆ ಗಟ್ಟಿ ಹೊಟ್ಟು. ಮೊದಲು ಒರಳಿಗೆ ಹಾಕಿ ಒನಕೆಯಿಂದ ಕುಟ್ಟುತ್ತಿದ್ದರು. ಹೆಂಗಸರ ರಟ್ಟೆ ಸೋಲುವ ಕೆಲಸ ಅದು. ರೇಷನ್ ಅಕ್ಕಿ ಬಂದ ಮೇಲೆ ಒನಕೆ ಮೂಲೆ ಸೇರಿತು, ಸಾವಿ ಅನ್ನವೂ ತಟ್ಟೆಯಿಂದ ದೂರವಾಯಿತು. ಇದರಲ್ಲಿ ಅವರದೇನು ತಪ್ಪು?

ಹಾಗಾಗಿ ಹೊಲ ಮತ್ತು ತಟ್ಟೆಯ ನಡುವೆ ಇರುವ, ಸಿಪ್ಪೆ ತೆಗೆಯುವ ಯಂತ್ರವೇ ನನ್ನ ಕೆಲಸ. ಪಾಲಿಶ್ ಮಾಡದ ಸಾವಿ ಅಕ್ಕಿಯ ತೌಡಿನಲ್ಲಿ ಎಣ್ಣೆಯ ಅಂಶ ಇರುತ್ತದೆ. ಸಿಪ್ಪೆ ತೆಗೆದು ಬಹಳ ದಿನ ಇಟ್ಟರೆ ಮುಗ್ಗಲು ವಾಸನೆ ಬರುತ್ತದೆ. ಸಿಪ್ಪೆ ಇರುವ ಕಾಳು ಮಾತ್ರ ವರ್ಷಗಟ್ಟಲೆ ತಾಳುತ್ತದೆ. ಅಂದರೆ ಕಾಳು ಮನೆಯಲ್ಲೇ ಇರಬೇಕು, ಬೇಕಾದಾಗ ಬೇಕಾದಷ್ಟು ಮಾಡಿಸಿಕೊಳ್ಳಬೇಕು. ಅದಕ್ಕೆ ಜಿಲ್ಲೆಗೊಂದು ದೊಡ್ಡ ಕಾರ್ಖಾನೆಗಿಂತ ನಾಲ್ಕಾರು ಊರಿಗೆ ಒಂದು ಸಣ್ಣ ಯಂತ್ರವೇ ಸರಿ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಯಂತ್ರ ತಂದಿಟ್ಟರೆ ಮುಗಿಯಿತು ಅಂತಲೂ ಅಲ್ಲ. ಒಂದು ಊರಲ್ಲಿ ನಾವು ಕೂರಿಸಿದ ಯಂತ್ರಕ್ಕೆ ಕಾಳು ಸುರಿಯುವ ಬಾಯಿ ಎತ್ತರದಲ್ಲಿತ್ತು. ಪಕ್ಕದಲ್ಲಿ ಒಂದು ಸ್ಟೂಲು ಇಟ್ಟು ಬಂದೆವು. ತಿಂಗಳಾದ ಮೇಲೆ ಹೋದಾಗ ಸಂಘದ ಹೆಂಗಸೊಬ್ಬರು ಕೇಳಿದರು, "ಅಕ್ಕಾರ, ಚೀಲ ಹೊತ್ಕೊಂಡು ದಿನಕ್ಕ ಎಷ್ಟ್ ಸಲ ಅದನ್ನ ಹತ್ತೂದ್ರಿ?" ಅವರ ಸೆರಗು ಭುಜಕ್ಕೆ ಬಿಗಿದಿತ್ತು, ಮೊಣಕಾಲಿಗೆ ಬಟ್ಟೆ ಸುತ್ತಿದ್ದರು. ಆವತ್ತೇ ಅಳತೆ ಪಟ್ಟಿ ಅವರ ಕೈಗೆ ಕೊಟ್ಟೆವು. ಬಾಯಿ ಸೊಂಟದ ಮಟ್ಟಕ್ಕೆ ಇಳಿಯಿತು, ಕಾಳನ್ನು ಮೇಲೇರಿಸಲು ಸಣ್ಣ ಎಲಿವೇಟರ್ ಬಂತು. ಹೊಟ್ಟು ಹಾರುವ ದಿಕ್ಕು, ಬಾಗಿಲು, ಕೂಸು ಮಲಗಿಸುವ ಜಾಗ, ಎಲ್ಲವನ್ನೂ ಅವರೇ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿ ತೋರಿಸಿದರು. ನಮ್ಮ ಕಂಪ್ಯೂಟರ್ ಚಿತ್ರಕ್ಕಿಂತ ಆ ಗೆರೆಗಳಲ್ಲೇ ಜಾಸ್ತಿ ತಿಳಿವಳಿಕೆ ಇತ್ತು.

ಹೆಂಗಸರೇ ಮುಂದೆ ನಿಂತರೆ ಏನಾಗುತ್ತದೆ ಅಂತ ನೋಡಬೇಕಾದರೆ ಕುಂದಗೋಳ ತಾಲೂಕಿನ ತೀರ್ಥ ಗ್ರಾಮವಿದೆ. ಅಲ್ಲಿನ ಬೀಬಿ ಫಾತಿಮಾ ಸ್ವಸಹಾಯ ಸಂಘದವರು ಬೀಜ ಬ್ಯಾಂಕ್ ಕಟ್ಟಿದರು, ಸಿರಿಧಾನ್ಯ ಸಂಸ್ಕರಣಾ ಘಟಕವನ್ನೂ ನಡೆಸುತ್ತಿದ್ದಾರೆ. 2025ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ನನಗೆ ಅದರಲ್ಲಿ ಹಿಡಿಸಿದ್ದು ಬೀಜವೂ ಯಂತ್ರವೂ ಒಂದೇ ಕೈಯಲ್ಲಿರುವುದು. ಬೀಜ ಊರಲ್ಲಿದ್ದು ಯಂತ್ರ ಪೇಟೆಯಲ್ಲಿದ್ದರೆ ರೇಟು ಪೇಟೆಯವರು ಹೇಳಿದ್ದೇ ಆಗುತ್ತದೆ.

ಈಗ ನಮ್ಮ ಮುಂದಿರುವುದು ಸಣ್ಣ ಪಾಲಿನ ಪ್ರಶ್ನೆ. ಹತ್ತು ಕೆಜಿ ಸಾವಿ ತಂದವರಿಗೆ ಅವರದೇ ಸಾವಿಯ ಅಕ್ಕಿ ವಾಪಸ್ ಬೇಕು, ಪಕ್ಕದ ಹೊಲದ್ದು ಬೆರೆಯಬಾರದು. ಆದರೆ ಪ್ರತಿ ಸಲ ಯಂತ್ರದ ಮೂಲೆಗಳಲ್ಲಿ ಒಂದಿಷ್ಟು ಕಾಳು ಉಳಿದುಬಿಡುತ್ತದೆ. ತಳಕ್ಕೆ ಬಿಚ್ಚಿ ಗುಡಿಸುವಂಥ ತಟ್ಟೆ ಮಾಡಿ ನೋಡುತ್ತಿದ್ದೇವೆ. ಮುಂದಿನ ವಾರ ಸಂತೆ ದಿನ ಬಿಟ್ಟು ಬನ್ನಿ, ನಾವೇ ಬಿಚ್ಚಿ ನೋಡ್ತೀವಿ ಅಂತ ಯಂತ್ರ ನಡೆಸುವ ಹೆಂಗಸರು ಹೇಳಿ ಕಳಿಸಿದ್ದಾರೆ.