ಒಣಗಿದ ಮೇಲೆ ಮತ್ತೆ ಮೂಡುವ ಕಲೆ: ಮನೆಯ ರತ್ನಗಂಬಳಿ, ಜಮಖಾನೆಗಳ ಆರೈಕೆಯ ಟಿಪ್ಪಣಿ

ನಮ್ಮ ನಡುಮನೆಯಲ್ಲಿ ಕೈಯಿಂದ ಗಂಟು ಹಾಕಿ ನೇಯ್ದ ಉಣ್ಣೆಯ ರತ್ನಗಂಬಳಿಯಿದೆ, ದೇವರಮನೆಯ ಮುಂದೆ ಅಜ್ಜಿಯ ಕಾಲದ ನವಲಗುಂದದ ಜಮಖಾನೆಯಿದೆ, ಓದುವ ಕೋಣೆಯಲ್ಲಿ ಸೆಣಬಿನ ಹಾಸು ಇದೆ. ಇವುಗಳನ್ನು ಹೊರಗೆ ಕೊಡದೆ ಮನೆಯಲ್ಲಿಯೇ ಶುಚಿಯಾಗಿಡುವುದನ್ನು ಎರಡು ತಿಂಗಳಿಂದ ಕಲಿಯುತ್ತಿದ್ದೇನೆ. ಕಲಿತದ್ದು ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ಉಳಿದ ವಿಷಯಗಳು ಒಂದೆರಡು ಸಲದ ಪ್ರಯತ್ನದಲ್ಲಿ ಕೈಗೆ ಹತ್ತಿದವು. ಆದರೆ ಒರೆಸಿದಾಗ ಪೂರ್ತಿ ಹೋಗಿದ್ದ ಕಲೆ ಒಣಗಿದ ಮೇಲೆ ಅದೇ ಜಾಗದಲ್ಲಿ ಏಕೆ ಮರಳಿ ಮೂಡುತ್ತದೆ ಎಂಬುದು ನನಗೆ ಬಹಳ ದಿನ ಅರ್ಥವಾಗಲಿಲ್ಲ. ಆದ್ದರಿಂದ ಈ ಟಿಪ್ಪಣಿಯ ಹೆಚ್ಚಿನ ಭಾಗ ಅದಕ್ಕೇ ಮೀಸಲಾಗಿದೆ.

ಮೊದಲು ನೂಲನ್ನು ಗುರುತಿಸಬೇಕು

ಉಣ್ಣೆ ಪ್ರಾಣಿಜನ್ಯ, ಅದು ನಮ್ಮ ಕೂದಲಿನಂತೆ ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ಹತ್ತಿ ಮತ್ತು ಸೆಣಬು ಸಸ್ಯಜನ್ಯ. ಹಾಸಿನ ಹಿಂಬದಿಯಿಂದ ಒಂದು ಎಳೆಯನ್ನು ಕಿತ್ತು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲನ್ನು ಪಕ್ಕದಲ್ಲಿಟ್ಟುಕೊಂಡು ಸುಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ತಾನಾಗಿ ಆರುತ್ತದೆ, ಹತ್ತಿ ಕಾಗದದಂತೆ ಉರಿಯುತ್ತದೆ, ಪಾಲಿಪ್ರೊಪಿಲೀನ್‌ನಂತಹ ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುತ್ತದೆ. ಇಷ್ಟು ತಿಳಿದರೆ ಏನನ್ನು ಬಳಸಬಾರದು ಎಂಬುದೂ ತಿಳಿಯುತ್ತದೆ. ಉಣ್ಣೆಗೆ ಕ್ಷಾರ ಆಗದು. ಬಟ್ಟೆ ಒಗೆಯುವ ಪುಡಿಯ ದ್ರಾವಣದ ಪಿಎಚ್ ಸಾಮಾನ್ಯವಾಗಿ 10ರ ಆಸುಪಾಸಿನಲ್ಲಿರುತ್ತದೆ, ಅದು ಉಣ್ಣೆಯನ್ನು ಒರಟಾಗಿಸಿ ಬಣ್ಣವನ್ನೂ ಸಡಿಲಿಸುತ್ತದೆ. ಕ್ಲೋರಿನ್ ಇರುವ ಬ್ಲೀಚ್ ಅಂತೂ ಉಣ್ಣೆಯ ಎಳೆಯನ್ನೇ ಕರಗಿಸುತ್ತದೆ. ಹತ್ತಿ ಕ್ಷಾರವನ್ನು ತಡೆದುಕೊಳ್ಳುತ್ತದೆ, ನೆನೆದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ರೇಷ್ಮೆಯ ಹೊಳಪು ತೋರುವ ವಿಸ್ಕೋಸ್ ಹಾಸುಗಳು ಇದಕ್ಕೆ ತದ್ವಿರುದ್ಧ. ಒದ್ದೆಯಾದೊಡನೆ ಅವುಗಳ ಬಲ ಬಹಳ ಕುಂದುವುದರಿಂದ ಅವನ್ನು ಮನೆಯಲ್ಲಿ ನೀರಿಗೆ ಹಾಕದಿರುವುದೇ ಲೇಸು.

ದೂಳು

ಹಾಸನ್ನು ಹಾಳುಮಾಡುವುದು ಕಲೆಗಿಂತ ಹೆಚ್ಚಾಗಿ ದೂಳು. ಕಾಲಿನೊಡನೆ ಬಂದ ಸಣ್ಣ ಮರಳಿನ ಕಣಗಳು ಎಳೆಗಳ ಬುಡಕ್ಕಿಳಿದು, ನಾವು ನಡೆದಾಗಲೆಲ್ಲ ನೂಲನ್ನು ಅರದಂತೆ ಉಜ್ಜುತ್ತವೆ. ಮೇಲ್ಮುಖದಲ್ಲಿ ಮಾತ್ರ ವ್ಯಾಕ್ಯೂಮ್ ಹಿಡಿದರೆ ಈ ಕಣಗಳು ಬರುವುದಿಲ್ಲ. ಹಾಸನ್ನು ಮಗುಚಿ ಹಾಕಿ, ಹಿಂಬದಿಯಿಂದ ನಿಧಾನವಾಗಿ ವ್ಯಾಕ್ಯೂಮ್ ಮಾಡಿ, ಮತ್ತೆ ಎತ್ತಿದಾಗ ನೆಲದ ಮೇಲೆ ಉಳಿಯುವ ಮರಳನ್ನು ನೋಡಿದರೆ ಈ ಮಾತು ತಾನೇ ಮನದಟ್ಟಾಗುತ್ತದೆ. ಅಂಚಿನ ಕುಚ್ಚುಗಳ ಮೇಲೆ ಮಾತ್ರ ಯಂತ್ರವನ್ನು ಓಡಿಸಬಾರದು. ಕೈಯಿಂದ ನೇಯ್ದ ರತ್ನಗಂಬಳಿಯಲ್ಲಿ ಕುಚ್ಚು ಎಂದರೆ ಹಾಸು ನೂಲಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲಿನ, ತುದಿಯೇ. ಅದು ಸವೆದುಹೋದರೆ ಹೊಕ್ಕು (ಅಡ್ಡಕ್ಕೆ ನೇಯ್ದ ನೂಲು) ಸಡಿಲವಾಗಿ, ಅಂಚಿನಿಂದ ಗಂಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಜಮಖಾನೆಯನ್ನು ಗೋಡೆಯ ಮೇಲೆ ಹಾಕಿ ಬಡಿಯಬಹುದು, ಆದರೆ ಹಿಂಬದಿಗೆ ಅಂಟು ಬಳಿದು ಬಟ್ಟೆ ಹಚ್ಚಿದ ಹಾಸುಗಳನ್ನು ಬಡಿದರೆ ಒಳಗಿನ ರಬ್ಬರಿನ ಅಂಟು ಪುಡಿಯಾಗಿ ಉದುರುತ್ತದೆ.

ಮರಳಿ ಮೂಡುವ ಕಲೆ

ರತ್ನಗಂಬಳಿಯ ಮೇಲೆ ಒಂದು ಲೋಟ ಹಾಲು ಹಾಕಿದ ಫಿಲ್ಟರ್ ಕಾಫಿ ಚೆಲ್ಲಿತ್ತು. ನಾನು ಒಂದು ಚೊಂಬು ನೀರು ಸುರಿದು, ಸೋಪು ಹಚ್ಚಿ, ಬ್ರಷ್ಷಿನಿಂದ ತಿಕ್ಕಿ, ಒಣಬಟ್ಟೆಯಿಂದ ಒರೆಸಿದೆ. ಆಗ ಕಲೆಯ ಗುರುತೂ ಇರಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಚೆಲ್ಲಿದ್ದಕ್ಕಿಂತ ಅಗಲವಾದ, ಅಂಚು ಗಾಢವಾದ ಕಂದು ವೃತ್ತ ಮೂಡಿತ್ತು. ಮತ್ತೆ ನೀರು ಸುರಿದು ಅದನ್ನೇ ಮಾಡಿದೆ. ವೃತ್ತ ಇನ್ನೂ ದೊಡ್ಡದಾಯಿತು. ಕಾಫಿ ಹೊಸದಾಗಿ ಎಲ್ಲಿಂದಲೂ ಬಂದಿರಲಿಲ್ಲ, ಆದ್ದರಿಂದ ಅದು ಮೊದಲಿನಿಂದಲೂ ಅಲ್ಲಿಯೇ ಇದ್ದಿರಬೇಕು ಎಂದು ಒಪ್ಪಿಕೊಳ್ಳಲು ನನಗೆ ಸಮಯ ಹಿಡಿಯಿತು.

ಆಗುವುದು ಇಷ್ಟು. ನಾವು ಸುರಿದ ನೀರು ಕಲೆಯನ್ನು ಕರಗಿಸಿಕೊಂಡು ಎಳೆಗಳ ಬುಡಕ್ಕೆ, ಅಲ್ಲಿಂದ ಹಿಂಬದಿಯ ಹತ್ತಿಯ ನೂಲಿಗೆ ಇಳಿಯುತ್ತದೆ. ನಾವು ಒರೆಸುವುದು ತುದಿಗಳನ್ನು ಮಾತ್ರ; ಆದ್ದರಿಂದ ಮೇಲ್ಮೈ ಶುಚಿಯಾಗಿ ಕಾಣುತ್ತದೆ. ಒಣಗುವಿಕೆ ನಡೆಯುವುದೂ ಗಾಳಿ ತಾಗುವ ತುದಿಗಳಲ್ಲಿಯೇ. ತುದಿಯ ನೀರು ಆವಿಯಾಗುತ್ತಿದ್ದಂತೆ, ದೀಪದ ಬತ್ತಿ ಹಣತೆಯ ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ, ಎಳೆ ತನ್ನ ಬುಡದ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಶಾಲೆಯಲ್ಲಿ ಲೋಮನಾಳ ಕ್ರಿಯೆ ಎಂದು ಓದಿದ್ದು ಇದನ್ನೇ. ನೀರು ಆವಿಯಾಗಿ ಹೋಗಬಲ್ಲದು, ಕಾಫಿಯ ಬಣ್ಣ ಹೋಗಲಾರದು; ಅದು ತುದಿಯಲ್ಲಿಯೇ ಉಳಿಯುತ್ತದೆ. ತೇವ ಹಿಡಿದ ಹಳೆಯ ಗೋಡೆಯ ಮೇಲೆ ಬಿಳಿ ಉಪ್ಪು ಏಳುವುದೂ ಇದೇ ಕಾರಣದಿಂದ. ವೃತ್ತದ ಅಂಚು ಗಾಢವಾಗಿದ್ದುದು ಏಕೆಂದರೆ ನೀರು ಹರಡಿ ನಿಂತ ಗಡಿಯಲ್ಲಿ ಒದ್ದೆ ಮತ್ತು ಒಣ ಭಾಗಗಳು ಕೂಡುತ್ತವೆ, ಅಲ್ಲಿ ಒಣಗುವುದು ಬೇಗ, ಆದ್ದರಿಂದ ಬಣ್ಣ ಅಲ್ಲಿಗೇ ಹೆಚ್ಚು ಬಂದು ಸೇರುತ್ತದೆ.

ಇದು ಅರ್ಥವಾದ ಮೇಲೆ ಪರಿಹಾರ ತಾನಾಗಿ ಹೊಳೆಯಿತು. ನೀರು ಎಲ್ಲಿ ಆವಿಯಾಗುತ್ತದೆಯೋ ಅಲ್ಲಿ ಕಲೆ ಉಳಿಯುತ್ತದೆ. ಹಾಗಾದರೆ ಆವಿಯಾಗುವ ಜಾಗವನ್ನೇ ಎಳೆಯ ತುದಿಯಿಂದ ಮೇಲಿನ ಒಂದು ಬಟ್ಟೆಗೆ ವರ್ಗಾಯಿಸಬೇಕು. ನಾನು ಈಗ ಮಾಡುವುದು ಹೀಗೆ. ಕಾಲು ಲೀಟರ್ ಉಗುರುಬೆಚ್ಚಗಿನ ನೀರಿಗೆ ಉಣ್ಣೆಗೆಂದು ಮಾರುವ ದ್ರವ ಮಾರ್ಜಕವನ್ನು ಕಾಲು ಚಮಚದಷ್ಟು ಮಾತ್ರ ಹಾಕುತ್ತೇನೆ. ಬಿಳಿ ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡಿ, ಕಲೆಯ ಹೊರ ಅಂಚಿನಿಂದ ನಡುವಿನ ಕಡೆಗೆ ಒತ್ತಿ ಒತ್ತಿ ತೆಗೆಯುತ್ತೇನೆ. ತಿಕ್ಕುವುದಿಲ್ಲ, ಏಕೆಂದರೆ ಒದ್ದೆ ಉಣ್ಣೆಯನ್ನು ತಿಕ್ಕಿದರೆ ಎಳೆಗಳ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಉಣ್ಣೆ ಗಂಟುಗಂಟಾಗುತ್ತದೆ. ಬಳಿಕ ಬರಿಯ ನೀರನ್ನು ಸ್ಪ್ರೇ ಬಾಟಲಿಯಿಂದ ಚಿಮುಕಿಸಿ ಮತ್ತೆ ಒತ್ತುತ್ತೇನೆ. ಕೊನೆಗೆ ಹಳೆಯ ಬಿಳಿ ಪಂಚೆಯನ್ನು ಎಂಟು ಪದರವಾಗಿ ಮಡಿಸಿ ಕಲೆಯ ಮೇಲಿಟ್ಟು, ಅದರ ಮೇಲೆ ಬಟ್ಟೆಗಿಂತ ಕಿರಿದಾದ ಗಾಜಿನ ತಟ್ಟೆ, ತಟ್ಟೆಯ ಮೇಲೆ ಅಕ್ಕಿ ತುಂಬಿದ ಡಬ್ಬಿ ಇಟ್ಟು ರಾತ್ರಿಯಿಡೀ ಬಿಡುತ್ತೇನೆ. ಬುಡದ ನೀರು ಈಗ ಪಂಚೆಗೆ ಏರಿ, ಪಂಚೆಯ ಅಂಚುಗಳಲ್ಲಿ ಆವಿಯಾಗುತ್ತದೆ. ಬೆಳಿಗ್ಗೆ ಪಂಚೆಯ ಒಳಪದರದಲ್ಲಿ ಕಂದು ಗುರುತು ಕಂಡಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹಾಸಿನಲ್ಲಿ ಮೂಡಬೇಕಾಗಿದ್ದ ಕಲೆ ಅದು. ಹಳೆಯ ವೃತ್ತಕ್ಕೆ ಇದನ್ನು ಮೂರು ರಾತ್ರಿ ಮಾಡಬೇಕಾಯಿತು. ಪ್ರತಿ ಸಲವೂ ಒಣ ಪಂಚೆಯನ್ನೇ ಇಡಬೇಕು.

ಮರಳಿ ಮೂಡುವ ಕಲೆಗಳೆಲ್ಲ ಒಂದೇ ಅಲ್ಲ ಎಂಬುದು ಎರಡನೆಯ ಪಾಠ. ಒಂದೇ ರಾತ್ರಿಯಲ್ಲಿ, ಮೊದಲಿನ ಬಣ್ಣದಲ್ಲಿಯೇ ಮರಳಿದರೆ ಅದು ಮೇಲೆ ಹೇಳಿದ ಬತ್ತಿಯ ಕೆಲಸ. ಎರಡು ಮೂರು ವಾರಗಳ ಮೇಲೆ ಅದೇ ಜಾಗ ನಿಧಾನವಾಗಿ ಮಸಕಾದರೆ ಅದು ಉಳಿದುಹೋದ ಸೋಪು. ಸೋಪಿನ ಜಿಗುಟು ಅಂಗಾಲಿನ ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಇರುವ ಮನೆಗಳಲ್ಲಿ ಇದು ಹೆಚ್ಚು, ಏಕೆಂದರೆ ಆ ನೀರಿನ ಕ್ಯಾಲ್ಸಿಯಂ ಸೋಪಿನೊಡನೆ ಸೇರಿ ಕರಗದ ಕೆನೆಯಾಗುತ್ತದೆ. ಅದಕ್ಕೆ ಮತ್ತಷ್ಟು ಸೋಪು ಪರಿಹಾರವಲ್ಲ, ಬರಿಯ ಮೃದು ನೀರು ಪರಿಹಾರ. ಮೂರನೆಯದು, ಏನೂ ಚೆಲ್ಲದ ಜಾಗದಲ್ಲಿಯೂ ನೀರು ತಾಗಿದ್ದಕ್ಕೇ ಬರುವ ಹಳದಿಮಿಶ್ರಿತ ಕಂದು ಛಾಯೆ. ನನ್ನ ಸೆಣಬಿನ ಹಾಸಿನಲ್ಲಿ ಇದು ಬಂತು. ಸಸ್ಯಜನ್ಯ ನೂಲು ನಿಧಾನವಾಗಿ ಒಣಗಿದಾಗ ಅದರೊಳಗಿನ ಬಣ್ಣದ ಅಂಶವೇ ಮೇಲಕ್ಕೆ ಬರುತ್ತದೆ. ಸೆಣಬಿಗೆ ನೀರು ತಾಗಿಸದೆ ಒಣ ಬ್ರಷ್ಷಿನಲ್ಲಿಯೇ ನಿಭಾಯಿಸುವುದು ಒಳ್ಳೆಯದು. ಈ ಮೂರನ್ನೂ ಬೇರೆ ಬೇರೆಯಾಗಿ ಗುರುತಿಸದೆ, ಎಲ್ಲಕ್ಕೂ ಇನ್ನಷ್ಟು ನೀರು ಮತ್ತು ಸೋಪು ಎಂದು ಹೊರಟದ್ದೇ ನನ್ನ ತಪ್ಪಾಗಿತ್ತು.

ಇನ್ನೊಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದಾಗ ಒದ್ದೆ ಎನಿಸುವುದಿಲ್ಲ. ಆದ್ದರಿಂದ ಅಂಗೈಯಿಂದ ಮುಟ್ಟಿ ಒಣಗಿದೆ ಎಂದು ತೀರ್ಮಾನಿಸಬಾರದು. ಹಾಸಿನ ಕೆಳಗೆ ಎರಡು ಮಣೆಗಳನ್ನಿಟ್ಟು ಗಾಳಿಯಾಡಲು ಬಿಟ್ಟು, ಫ್ಯಾನಿನ ಕೆಳಗೆ ಪೂರ್ತಿ ಒಂದು ದಿನ ಒಣಗಿಸುತ್ತೇನೆ.

ಅರಿಶಿನ

ನಮ್ಮ ಮನೆಗಳಲ್ಲಿ ಚೆಲ್ಲುವುದು ಬಹುಪಾಲು ಹುಳಿ, ಸಾರು, ಪಲ್ಯದ ಎಣ್ಣೆ. ಅರಿಶಿನದ ಕಲೆಗೆ ಸೋಪು ತಾಗಿದೊಡನೆ ಅದು ಕೆಂಪಾಗುವುದನ್ನು ನೋಡಿ ಬಣ್ಣವೇ ಬಿಟ್ಟಿತು ಎಂದು ನಾನು ಗಾಬರಿಯಾಗಿದ್ದೆ. ಅರಿಶಿನದ ಕುರ್ಕ್ಯುಮಿನ್ ಕ್ಷಾರದಲ್ಲಿ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಕೆಂಪು ನೀರನ್ನು ಮಾಡುವ ನಮಗೆ ಇದು ಹೊಸತೇನಲ್ಲ. ಕ್ಷಾರವನ್ನು ನೀರಿನಿಂದ ತೆಗೆದರೆ ಹಳದಿ ಮರಳುತ್ತದೆ. ಕುರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಒಗ್ಗರಣೆಯ ಎಣ್ಣೆಯನ್ನು ಮೊದಲು ತೆಗೆಯಬೇಕು. ಟಾಲ್ಕಂ ಪೌಡರನ್ನು ದಪ್ಪನಾಗಿ ಉದುರಿಸಿ, ಅರ್ಧ ಗಂಟೆ ಬಿಟ್ಟು, ಒಣ ಬ್ರಷ್ಷಿನಿಂದ ತೆಗೆದು, ಆಮೇಲೆ ಮಾರ್ಜಕದ ಕ್ರಮವನ್ನು ಅನುಸರಿಸುತ್ತೇನೆ. ಉಳಿದ ಹಳದಿಗೆ ಬಿಸಿಲೇ ಮದ್ದು, ಏಕೆಂದರೆ ಬೆಳಕಿನಲ್ಲಿ ಕುರ್ಕ್ಯುಮಿನ್ ಒಡೆದುಹೋಗುತ್ತದೆ. ಹಾಸಿನ ಬಣ್ಣವೂ ಬಿಸಿಲಿಗೆ ಮಾಸುವುದರಿಂದ ಕಲೆಯಷ್ಟನ್ನು ಬಿಟ್ಟು ಸುತ್ತಲೂ ದಪ್ಪ ಬಟ್ಟೆ ಮುಚ್ಚಿ, ದಿನಕ್ಕೆ ಒಂದು ಗಂಟೆಯಂತೆ ಇಡುತ್ತೇನೆ.

ವಿನೆಗರ್ ಮತ್ತು ಅಡುಗೆ ಸೋಡಾ ಎರಡನ್ನೂ ಒಟ್ಟಿಗೆ ಬೆರೆಸಿ ಹಾಕಬೇಕೆಂಬ ಸಲಹೆಯನ್ನು ಹಲವರು ಕೊಡುತ್ತಾರೆ. ನೊರೆ ಬರುವುದು ನಿಜ, ಆದರೆ ಆಮ್ಲವೂ ಕ್ಷಾರವೂ ಒಂದನ್ನೊಂದು ಕಳೆದುಕೊಂಡು ಸೋಡಿಯಂ ಅಸಿಟೇಟ್, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಕಲೆ ತೆಗೆಯುವ ಶಕ್ತಿ ಬಹುಪಾಲು ನೊರೆಯೊಡನೆಯೇ ಮುಗಿಯುತ್ತದೆ.

ಜಮಖಾನೆಯನ್ನು ಒಗೆಯುವುದು

ನವಲಗುಂದ ಧಾರವಾಡ ಜಿಲ್ಲೆಯ ಊರು. ಅಲ್ಲಿನ ಮಹಿಳೆಯರು ನೇಯುವ ಜಮಖಾನೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಇದರಲ್ಲಿ ನಿಂತ ಎಳೆಗಳಿಲ್ಲ, ಹಾಸು ಹೊಕ್ಕುಗಳೆರಡೂ ಹತ್ತಿ, ಹಿಂದೆ ಅಂಟಿಲ್ಲ. ಆದ್ದರಿಂದ ನೀರಿನ ಭಯ ಕಡಿಮೆ. ಭಯ ಇರುವುದು ಬಣ್ಣದ ಬಗ್ಗೆ. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಪ್ರತಿಯೊಂದು ಬಣ್ಣದ ಮೇಲೂ ಒಂದು ನಿಮಿಷ ಒತ್ತಿ ಹಿಡಿದು ನೋಡಬೇಕು. ನಾನು ಬರಿಯ ನೀರಿನಲ್ಲಿ ಪರೀಕ್ಷಿಸಿ ನಿಶ್ಚಿಂತನಾಗಿದ್ದೆ. ಮಾರ್ಜಕದ ನೀರಿನಲ್ಲಿ ಪರೀಕ್ಷಿಸಿದಾಗ ಕೆಂಪು ಬಿಟ್ಟಿತು. ಬಳಸಲಿರುವ ದ್ರಾವಣದಲ್ಲಿಯೇ ಪರೀಕ್ಷಿಸಬೇಕೆಂಬುದನ್ನು ಅಡಿಗೆರೆ ಎಳೆದು ಬರೆದುಕೊಂಡಿದ್ದೇನೆ. ಕೊನೆಗೆ ಅಂಟುವಾಳದ ನೀರನ್ನು ಬಳಸಿದೆ. ಹತ್ತು ಹನ್ನೆರಡು ಕಾಯಿಗಳ ಬೀಜ ತೆಗೆದು, ರಾತ್ರಿ ನೆನೆಸಿ, ಕಿವುಚಿ ಸೋಸಿದರೆ ಒಂದು ಬಕೆಟ್ಟಿಗೆ ಸಾಲುತ್ತದೆ. ಅದರ ನೊರೆ ಸಪೋನಿನ್‌ನದು, ಗುಣ ಸ್ವಲ್ಪ ಆಮ್ಲೀಯ; ನಮ್ಮ ಹಿರಿಯರು ರೇಷ್ಮೆ ಸೀರೆಗೂ ಉಣ್ಣೆಗೂ ಇದನ್ನೇ ಬಳಸಿದ್ದು ಸುಮ್ಮನೆ ಅಲ್ಲ. ನನ್ನ ಪರೀಕ್ಷೆಯಲ್ಲಿ ಕೆಂಪು ಇದಕ್ಕೆ ಬಿಡಲಿಲ್ಲ. ಆದರೆ ಅಂಟುವಾಳಕ್ಕೆ ತನ್ನದೇ ಕಂದು ಬಣ್ಣವಿದೆ, ಬಿಳಿ ಹಾಸಿಗೆ ಅದು ಸಲ್ಲದು.

ಒಗೆದ ಜಮಖಾನೆಯನ್ನು ನಡುವೆ ಮಡಿಸಿ ಹಗ್ಗಕ್ಕೆ ಹಾಕಿದರೆ ಬಣ್ಣದ ನೀರು ಕೆಳಗಿನ ಅಂಚಿಗೆ ಇಳಿದು ಗೆರೆಯಾಗುತ್ತದೆ. ಮಾಳಿಗೆಯ ನೆರಳಿನಲ್ಲಿ ಸಾಲಾಗಿಟ್ಟ ಕುರ್ಚಿಗಳ ಮೇಲೆ ಮಟ್ಟಸವಾಗಿ ಹರಡಿ, ಎರಡು ಗಂಟೆಗೊಮ್ಮೆ ಮಗುಚಬೇಕು.

ಎತ್ತಿಡುವುದು

ಉಣ್ಣೆಯನ್ನು ತಿನ್ನುವುದು ಹಾರುವ ನುಸಿಯಲ್ಲ, ಅದರ ಮರಿಹುಳು. ಅದು ಸೋಫಾದ ಕೆಳಗಿನಂತಹ ಕತ್ತಲೆಯ, ಯಾರೂ ಕದಲಿಸದ ಜಾಗವನ್ನು ಮತ್ತು ಬೆವರು, ಆಹಾರ ತಾಗಿದ ಉಣ್ಣೆಯನ್ನು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಶುಚಿಮಾಡದ ಹಾಸನ್ನು ಎತ್ತಿಡಬಾರದು. ಮಡಿಸದೆ ಸುರುಳಿ ಸುತ್ತಿ, ಪ್ಲಾಸ್ಟಿಕ್ ಬದಲು ಹಳೆಯ ಹತ್ತಿ ಸೀರೆಯಲ್ಲಿ ಕಟ್ಟಿ, ನೆಲದಿಂದ ಎತ್ತರದಲ್ಲಿ ಇಡುತ್ತೇನೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಗಾಳಿಗೆ ಹರಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಒಗೆಯುವ ಕೆಲಸವನ್ನು ಕೈಗೆತ್ತಿಕೊಳ್ಳುವುದಿಲ್ಲ. ಆಗ ಏನಾದರೂ ಚೆಲ್ಲಿದರೆ ಪಂಚೆ ಮತ್ತು ಅಕ್ಕಿಡಬ್ಬಿ ಸಾಕು.